ಹೇಳಿ ಹೊಡೆಯುವ ಕಟ್ಟೆ

ಹೋದ ವಾರ ದವಡೆ ಹಲ್ಲೊಂದು ನನ್ನನ್ನು ಅಳಿಸಿಬಿಟ್ಟಿತು. ಔಷಧ ಅಂಗಡಿ ಇಟ್ಟವನು ನಾನು, ನೋವಿನ ಗುಳಿಗೆಗೇನೂ ಬರವಿಲ್ಲ. ಆದರೂ ಹೆಂಡತಿ ಅಡುಗೆಮನೆಯಿಂದ ಒಂದು ಲವಂಗ ತಂದು ಹಲ್ಲಿನ ಸಂದಿಯಲ್ಲಿ ಇಡಿಸಿದಳು. ಬಾಯಿ ತುಂಬ ಆ ಖಾರ, ಮೂಗಿನ ತುಂಬ ಆ ವಾಸನೆ... ಹಲ್ಲುನೋವು ಇಳಿಯಿತು, ಎದೆ ಹೊಡೆದುಕೊಳ್ಳಲು ಶುರುವಾಯಿತು. ಲವಂಗದ ವಾಸನೆ ಬಂದರೆ ಈಗಲೂ ನನಗೆ ಯಾವುದೋ ದೊಡ್ಡ ಸಭಾಂಗಣದಲ್ಲಿ ಹಗ್ಗದ ಈಚೆ ನಿಂತಂತೆ, ಅಂಗೈ ಬೆವರಿದಂತೆ ಆಗುತ್ತದೆ. ಲವಂಗ ಬಾಯಲ್ಲಿಟ್ಟುಕೊಂಡು ಚೆಸ್ ಆಡಿದ ನಮ್ಮ ಪಕ್ಕದ ಮನೆಯ ಕಾಕಾ ಕಣ್ಣಮುಂದೆ ಬರುತ್ತಾರೆ.

ರಕ್ತಸಂಬಂಧವೇನೂ ಇರಲಿಲ್ಲ. ಶಹಾಬಾದಿನಲ್ಲಿ ಗೋಡೆಗೆ ಗೋಡೆ ಹಚ್ಚಿಕೊಂಡ ಮನೆಯವರು ಕಾಕಾ, ಕಾಕಿ ಆಗುವುದಕ್ಕೆ ಬೇರೆ ಸಂಬಂಧ ಬೇಕಾಗಿಲ್ಲ. ಕಾಕಾ ರೈಲ್ವೆಯಲ್ಲಿದ್ದರು, ದಿನಾ ವಾಡಿ ಜಂಕ್ಷನ್ನಿಗೆ ಹೋಗಿ ಬರುತ್ತಿದ್ದರು. ಆ ನೌಕರಿ ಅವರಿಗೆ ಸಿಕ್ಕಿದ್ದೇ ಚೆಸ್ಸಿನಿಂದ. ವರ್ಷವರ್ಷವೂ ರಾಷ್ಟ್ರೀಯ ಚಾಂಪಿಯನ್‌ಶಿಪ್ಪಿಗೆ ಹೋಗುತ್ತಿದ್ದರು. ಐದನೆಯವರಾಗಿ ಬಂದರು, ಮೂರನೆಯವರಾಗಿ ಬಂದರು, ಒಮ್ಮೆ ಎರಡನೆಯವರಾಗಿಯೂ ಬಂದರು. ಮೊದಲನೆಯವರಾಗಿ ಮಾತ್ರ ಬರಲಿಲ್ಲ. ಅವರು ಊರಿಗೆ ವಾಪಸಾದ ದಿನ ಓಣಿಯಲ್ಲಿ ಯಾರೂ ಏನಾಯಿತು ಎಂದು ಕೇಳುತ್ತಿರಲಿಲ್ಲ. ಕಾಕಿ ಬಾಗಿಲಿಗೆ ಬಂದು ಚೀಲ ಇಸಿದುಕೊಳ್ಳುವ ರೀತಿಯಲ್ಲೇ ಎಲ್ಲರಿಗೂ ಗೊತ್ತಾಗುತ್ತಿತ್ತು.

ಕಾಕಾ ಆಟ ಕಲಿತದ್ದು ನಮ್ಮ ಓಣಿಯ ಕೊನೆಯಲ್ಲಿರುವ ಪರ್ಶಿ ಕಟ್ಟೆಯ ಮೇಲೆ. ನಮ್ಮೂರಲ್ಲಿ ನೆಲವೂ ಪರ್ಶಿ ಕಲ್ಲೇ, ಮಾಡೂ ಅದೇ, ಅಂಗಳದ ಗೋಡೆಯೂ ಅದೇ. ಕಟ್ಟೆಯ ನಡುಗಲ್ಲಿನ ಮೇಲೆ ಚದುರಂಗದ ಮನೆಗಳನ್ನು ಕೊರೆದಿದ್ದರು. ಬಿಳಿ ಮನೆಗೆ ನುಣುಪಾದ ಪಾಲಿಶ್, ಕರಿ ಮನೆಗೆ ಉಳಿಯ ಏಟು. ಕಣ್ಣು ಮುಚ್ಚಿ ಕೈಯಾಡಿಸಿದರೂ ಯಾವ ಮನೆ ಎಂದು ತಿಳಿಯಬೇಕು, ಹಾಗೆ. ಕೊರೆದವರು ಮುತ್ಯಾ, ಓಣಿಯ ಹಿರಿಯಜ್ಜ. ಹರೆಯದಲ್ಲಿ ಕಲ್ಲಿನ ಖಣಿಯಲ್ಲಿ ದುಡಿದು, ಆಮೇಲೆ ಪಾಲಿಶ್ ಮಷೀನು ಹಾಕಿದವರು. ನನಗೂ ಮುತ್ಯಾ, ಕಾಕಾನಿಗೂ ಮುತ್ಯಾ, ಊರಿಗೆಲ್ಲ ಮುತ್ಯಾ. ಆ ಕಟ್ಟೆಗೆ ಅವರದೇ ಕಾನೂನು.

ಶಹ್, ಅಂದರೆ ಚೆಕ್, ಅನ್ನದೆ ರಾಜನ ಮೇಲೆ ಹೋಗಬಾರದು ಎಂಬುದು ಹಳೆಯ ಕಾಲದ ಎಲ್ಲ ಕಟ್ಟೆಗಳಲ್ಲೂ ಇದ್ದದ್ದೇ. ಚಿತ್ತಾಪುರದವರೂ ಹಾಗೇ ಆಡುತ್ತಿದ್ದರು, ಸೇಡಂದವರೂ ಹಾಗೇ. ನಮ್ಮ ಕಟ್ಟೆಯಲ್ಲಿ ಇನ್ನೊಂದಿತ್ತು. ಪುಸ್ತಕದವರು ಮಂತ್ರಿ ಎನ್ನುವ ಕಾಯಿಗೆ ನಾವು ವಜೀರ್ ಅನ್ನುತ್ತೇವೆ. ಎದುರಿನವನ ವಜೀರನಿಗೆ ಗುರಿ ಇಟ್ಟರೆ 'ವಜೀರ್' ಎಂದು ಬಾಯಿಬಿಟ್ಟು ಹೇಳಬೇಕು. ಅವನು ನೋಡಿಕೊಂಡು, ಉಳಿಸಿಕೊಳ್ಳುವಂತಿದ್ದರೆ ಉಳಿಸಿಕೊಳ್ಳಬೇಕು. ಹೇಳದೆ ಹೊಡೆದವನ ಜೊತೆ ಆ ದಿನ ಮತ್ತೆ ಯಾರೂ ಆಡುತ್ತಿರಲಿಲ್ಲ. "ಹೇಳಿ ಹೊಡದರ ಆಟ, ಹೇಳದೇ ಹೊಡದರ ಕಳವು," ಅನ್ನುತ್ತಿದ್ದರು ಮುತ್ಯಾ. ಒಮ್ಮೆ ಚಿಂಚೋಳಿಯಿಂದ ಬಂದ ಒಳ್ಳೆಯ ಆಟಗಾರನೊಬ್ಬ ಇದು ಗೊತ್ತಿಲ್ಲದೆ ಸದ್ದಿಲ್ಲದೆ ವಜೀರ್ ಎತ್ತಿಬಿಟ್ಟ. ಪಾಪ, ಅವನಿಗೆ ಚಹಾ ಕುಡಿಸಿದರು, ಬಸ್ಸಿಗೆ ಕಳಿಸಿದರು, ಆಟಕ್ಕೆ ಮಾತ್ರ ಕೂರಿಸಲಿಲ್ಲ.

ತನಗೆ ಆಟ ಬಂದದ್ದೇ ಈ ಕಾನೂನಿನಿಂದ ಎಂದು ಕಾಕಾ ನಂಬಿದ್ದರು. ಎದುರಿನವನಿಗೆ ಕಾಣಲಾರದು ಎಂಬ ಆಸೆಯ ಮೇಲೆ ಆಡುವ ಹಾಗಿಲ್ಲ. ಹೇಳಿದ ಮೇಲೂ ನಿಲ್ಲುವಂಥ ನಡೆಯನ್ನೇ ಹುಡುಕಬೇಕು. ಅದು ಸರಿಯೇ. ಆದರೆ ಅದೇ ಅಭ್ಯಾಸ ಹೊರಗೆ ಕುತ್ತಿಗೆಗೆ ಬಂತು. ದೊಡ್ಡ ಪಂದ್ಯಗಳಲ್ಲಿ ಬಾಯಿಬಿಡುವಂತಿಲ್ಲ, ಎದುರಿನವನಿಗೆ ತೊಂದರೆ ಎಂದು ಲೆಕ್ಕ. ಕಾಕಾ ಸಾಮಾನ್ಯವಾಗಿ ಸುಮ್ಮನೇ ಇರುತ್ತಿದ್ದರು. ಗಡಿಯಾರದಲ್ಲಿ ಸಮಯ ಮುಗಿಯುತ್ತ ಬಂದಾಗ ಮಾತ್ರ ಅವರ ಬಾಯಿಂದ ತಾನಾಗಿ ಆ ಮಾತು ಬಿದ್ದುಬಿಡುತ್ತಿತ್ತು. ಪಂಚರು ಬಂದು ಎಚ್ಚರಿಸುತ್ತಿದ್ದರು. ಒಮ್ಮೆಯಂತೂ ಅದರಿಂದಲೇ ಗೆಲ್ಲುವ ಆಟ ಕೈಬಿಟ್ಟಿತ್ತು.

ಅವರು ಕೊನೆಯ ಸಲ ಹೊರಟದ್ದು ನಾಗಪುರಕ್ಕೆ. ಕೊನೆಯದು ಎಂದು ಅವರೇ ಹೇಳಿದ್ದರು. ಕಣ್ಣು ಮಂಜಾಗುತ್ತಿತ್ತು, ಗಂಟೆಗಟ್ಟಲೆ ಕುಳಿತರೆ ಬೆನ್ನು ಕೇಳುತ್ತಿರಲಿಲ್ಲ. ಅಷ್ಟು ವರ್ಷ ಗಂಡನ ರಜೆಗಳೆಲ್ಲ ಆಟಕ್ಕೇ ಹೋದರೂ ತುಟಿಪಿಟಕ್ಕೆನ್ನದ ಕಾಕಿ ಈ ಸಲ ಪಟ್ಟು ಹಿಡಿದು ನಿಂತರು. ಗೆದ್ದೇ ಬರಬೇಕು. ಅದಕ್ಕೆ ಉಪಾಯವನ್ನೂ ಅವರೇ ಹುಡುಕಿದರು. ಬಾಯಲ್ಲಿ ಒಂದು ಲವಂಗ ಇಟ್ಟುಕೊಂಡರೆ ನಾಲಿಗೆ ಜುಮ್ಮೆನ್ನುತ್ತದೆ, ಜುಮ್ಮೆಂದಾಗಲೆಲ್ಲ ಮಾತಾಡಬಾರದೆಂಬುದು ನೆನಪಾಗುತ್ತದೆ. ಕಟ್ಟೆಯ ಮೇಲೆ ತಾಲೀಮೂ ನಡೆಯಿತು. ಕಾಕಾ ಕೆನ್ನೆಯಲ್ಲಿ ಲವಂಗ ಇಟ್ಟುಕೊಂಡು ಮುತ್ಯಾನ ಎದುರು ಕುಳಿತರು. ವಜೀರನ ಮೇಲೆ ಬಿದ್ದಾಗ ಹೇಳಲಿಲ್ಲ, ಆದರೆ ಕತ್ತು ಕೆಂಪಾಯಿತು, ಮುತ್ಯಾನ ಮುಖ ನೋಡಲಾರದೆ ರಸ್ತೆಯ ಕಡೆ ತಿರುಗಿದರು.

"ಮಾತು ಆಡಿದರ ಹೋತು, ಮುತ್ತು ಒಡದರ ಹೋತು," ಅಂದರು ಮುತ್ಯಾ. "ಇದೊಂದು ಸಲ ಬಾಯಿ ಮುಚ್ಕೊಂಡು ಆಡಿ ಬಾ. ಕಾನೂನ್ ಮಾಡಿದಂವ ನಾನೇ ಹೇಳ್ಲಿಕತ್ತೀನಿ."

ಕಾಕಾ ತಲೆ ಆಡಿಸಿದರು. ಮರುದಿನ ಕಾಕಿ ನಮ್ಮ ಅಂಗಡಿಗೇ ಬಂದರು. ನಾನು ಜೊತೆಗೆ ಹೋಗಬೇಕಂತೆ. ನನಗೆ ಆಟ ಅಷ್ಟಕ್ಕಷ್ಟೇ, ಕಾಯಿಗಳ ಹೆಸರು, ನಡೆ ಗೊತ್ತು, ಅದರಾಚೆ ಇಲ್ಲ ಎಂದೆ.

"ಆಟ ಯಾರಿಗಿ ಬೇಕಾಗ್ಯಾದ, ತಮ್ಮಾ? ನೀ ಅವರ ಬಾಯಿ ನೋಡ್ಕೊಂಡಿರು, ಸಾಕು," ಅಂದರು ಕಾಕಿ. "ಚಿಂತಿ ಮಾಡೋದು ನಿನಗ ಚಂದ ಬರ್ತದ. ಇಲ್ಲಿ ಸುಮ್ಮ ಮಾಡೋದು ಅಲ್ಲಿ ಹೋಗಿ ಮಾಡು."

ಸುಳ್ಳಲ್ಲ. ಅಂಗಡಿಯ ಬೀಗ ಹಾಕಿ ಮನೆಗೆ ಬಂದು, ಮತ್ತೆ ಹೋಗಿ ಎಳೆದು ನೋಡುವ ಜಾತಿಯವನು ನಾನು. ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ ಹೊರಟೆ.

ನಾಗಪುರದಲ್ಲಿ ಜನರೆಲ್ಲ ಗೋಡೆಯ ಮೇಲಿನ ಪರದೆಯಲ್ಲಿ ಆಟ ನೋಡುತ್ತಿದ್ದರೆ ನಾನು ಕಾಕಾನ ತುಟಿ ನೋಡುತ್ತಿದ್ದೆ. ಮೊದಲ ದಿನಗಳಲ್ಲೇ ಒಮ್ಮೆ, ಲವಂಗದ ಖಾರ ಇಳಿದುಹೋದ ಹೊತ್ತಿನಲ್ಲಿ, ಮಾತು ಬಿತ್ತು. ಪಂಚರು ಬಂದು ಇನ್ನೊಂದು ಸಲ ಹೀಗಾದರೆ ಆಟವನ್ನೇ ಕಳೆದುಕೊಳ್ಳಬೇಕಾದೀತು ಎಂದು ಹೇಳಿಹೋದರು. ಅಂದಿನಿಂದ ನನ್ನ ಜೇಬಿನಲ್ಲಿ ಲವಂಗದ ಪೊಟ್ಟಣವೇ ಇರುತ್ತಿತ್ತು. ಬೆಳಿಗ್ಗೆ ಹೊಸದೊಂದು ಕೊಡುತ್ತಿದ್ದೆ, ನೀರು ಕುಡಿಯಲೆಂದು ಎದ್ದು ಬಂದಾಗ ಮತ್ತೊಂದು. ಊಟ ರುಚಿಸುತ್ತಿರಲಿಲ್ಲ, ನಿದ್ದೆಯೂ ಸರಿಯಾಗಿ ಇರಲಿಲ್ಲ. ಕಾಕಾ ಮಾತ್ರ ಮೊಸರನ್ನ ಉಂಡು ಆರಾಮಾಗಿ ಗೊರಕೆ ಹೊಡೆಯುತ್ತಿದ್ದರು. ಆಡುವವರು ಅವರು, ಸೊರಗಿದವನು ನಾನು.

ಆದರೆ ಆ ಸಲ ಅವರ ಕೈ ನಡೆದುಬಿಟ್ಟಿತು. ಗೆಲ್ಲುತ್ತ ಗೆಲ್ಲುತ್ತ ಕೊನೆಯ ಆಟಕ್ಕೆ ಬಂದಾಗ ಕಾಕಾನ ಮುಂದೆ ಉಳಿದದ್ದು ಒಬ್ಬನೇ. ದಕ್ಷಿಣದ ಕಡೆಯ ತರುಣ, ಮೀಸೆ ಆಗಷ್ಟೇ ಚಿಗುರುತ್ತಿದ್ದ ಮುಖ. ಅರ್ಧ ಅಂಕ ಅವನಿಗೇ ಹೆಚ್ಚಿತ್ತು. ಕೊನೆಯ ದಿನ ಅವರಿಬ್ಬರೇ ಎದುರುಬದುರು. ಗೆದ್ದರೆ ಕಾಕಾ ಚಾಂಪಿಯನ್. ಸಮ ಆದರೂ ಆ ತರುಣನೇ.

ಬೆಳಿಗ್ಗೆ ಕಾಕಿ ಫೋನು ಮಾಡಿದರು. ಗಂಡನ ಜೊತೆ ಮಾತಾಡಲಿಲ್ಲ, ನನ್ನ ಜೊತೆಯೇ ಮಾತಾಡಿದರು. "ಲವಂಗ ಕೊಟ್ಟೀ ಅಲ್ಲಾ?" ಅಷ್ಟೇ ಕೇಳಿದರು. ಕೊಟ್ಟೀನ್ರಿ ಎಂದೆ. 

ಆಟ ಎಳೆಯಿತು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಇಬ್ಬರ ಗಡಿಯಾರದಲ್ಲೂ ಸಮಯ ತಳ ಕಂಡಿತ್ತು. ಉಳಿದ ಮೇಜಿನವರು ಎದ್ದು ಬಂದು ಹಗ್ಗದ ಸುತ್ತ ನಿಂತಿದ್ದರು. ನಾನು ಕಾಕಾನ ಎಡಗೆನ್ನೆಯ ಉಬ್ಬನ್ನೇ ನೋಡುತ್ತಿದ್ದೆ. ಲವಂಗ ಅಲ್ಲಿತ್ತು. ಅದು ಇರುವ ತನಕ ಭಯವಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ... ಕಾಕಾ ಕುದುರೆ ಎತ್ತಿ ಎದುರಿನವನ ರಾಜನ ಹತ್ತಿರ ಇಟ್ಟರು. ಎಲ್ಲರ ಕಣ್ಣೂ ಕುದುರೆಯ ಹಿಂದೆ ಹೋದವು. ತರುಣನ ಕಣ್ಣೂ ಅಲ್ಲೇ ಹೋಯಿತು. ಆಗ ನನ್ನ ಪಕ್ಕ ನಿಂತಿದ್ದ ಒಬ್ಬಾತ ಉಸಿರು ಎಳೆದುಕೊಂಡ. ನಾನು ಪರದೆಯ ಕಡೆ ತಿರುಗಿದೆ. ಕುದುರೆ ಎದ್ದು ಖಾಲಿಯಾದ ಮನೆಯ ಹಿಂದೆ ಕಾಕಾನ ಒಂಟೆ ಇತ್ತು. ಅಲ್ಲಿಂದ ಓರೆಯಾಗಿ ನೇರ ದಾರಿ, ಆ ದಾರಿಯ ತುದಿಗೆ ತರುಣನ ವಜೀರ್. ನನ್ನಂಥವನಿಗೂ ಕಂಡಿತು. ಅವನಿಗೆ ಕಂಡಿರಲಿಲ್ಲ.

ಅವನ ಕೈ ಆನೆಯ ಕಡೆ ಹೊರಟಿತು. ಮುಟ್ಟಿದರೆ ಮುಗಿಯಿತು, ಮುಟ್ಟಿದ ಕಾಯಿಯನ್ನೇ ಆಡಬೇಕು.  ಕಾಕಾ ಕರವಸ್ತ್ರ ತೆಗೆದು ಬಾಯಿಗೆ ಹಿಡಿದರು. ನನಗೆ ಜೀವ ಬಂದಂತಾಯಿತು. ಜಾಣ ಮನುಷ್ಯ, ಬಾಯಿ ಮುಚ್ಚಿಕೊಂಡರು ಅಂದುಕೊಂಡೆ. ಆಮೇಲೆ ಕರವಸ್ತ್ರವನ್ನು ಮಡಚಿ ಜೇಬಿಗಿಟ್ಟರು. ಎಡಗೆನ್ನೆ ಸಪಾಟಾಗಿತ್ತು.

"ವಜೀರ್," ಅಂದರು.

ಮೆಲ್ಲಗೆ ಅಂದರು, ಕಟ್ಟೆಯ ಮೇಲೆ ಅನ್ನುವಂತೆಯೇ. ಆ ಮಾತು ಎಲ್ಲ ಕಡೆಯವರಿಗೂ ತಿಳಿಯುವಂಥದ್ದು. ತರುಣನ ಕೈ ಗಾಳಿಯಲ್ಲೇ ನಿಂತಿತು, ಹಿಂದೆ ಹೋಯಿತು. ಪಂಚರು ಬಂದರು. ನಿನಗೆ ತೊಂದರೆಯಾಯಿತೇ ಎಂದು ಅವನನ್ನು ಕೇಳಿದರು. ಅವನು ಹೌದು ಅಂದಿದ್ದರೆ ಅಲ್ಲೇ ಆಟ ಅವನದಾಗುತ್ತಿತ್ತು. ಅವನು ಕಾಕಾನ ಮುಖ ನೋಡಿದ, ಇಲ್ಲವೆಂದು ತಲೆಯಾಡಿಸಿದ. ವಜೀರನನ್ನು ಉಳಿಸಿಕೊಂಡ. ಆಮೇಲೆ ಒಂದೊಂದೇ ಕಾಯಿ ಹೋಗುತ್ತ ಬಂದು ಇಬ್ಬರ ರಾಜರಷ್ಟೇ ಉಳಿದರು. ಸಮ. ಅವನು ಕಾಕಾನ ಕೈ ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದ, ಮುಖ ಎತ್ತಲಿಲ್ಲ.

ನನಗೆ ಸಿಟ್ಟು ಬಂದಿತ್ತು. ಸುಮ್ಮನೆ ಹೇಳುತ್ತಿಲ್ಲ, ಕೈಯಲ್ಲಿದ್ದ ನೀರಿನ ಬಾಟಲಿ ಬಿಸಾಡಬೇಕೆನ್ನುವಷ್ಟು ಬಂದಿತ್ತು. ಮರುದಿನ ಊರಿನ ರೈಲು ಹತ್ತಿದರೂ ಅವರ ಜೊತೆ ಮಾತಾಡಲಿಲ್ಲ. ಸೊಲ್ಲಾಪುರದ ಆಚೆ ಬಿಸಿಲಿಗೆ ಕಾಕಾ ಮುಖ ಒರೆಸಿಕೊಳ್ಳಲೆಂದು ಕರವಸ್ತ್ರ ಕೊಡವಿದರು. ಒಣಗಿದ ಲವಂಗವೊಂದು ನನ್ನ ಕಾಲ ಬಳಿ ಬಿತ್ತು. ನಾನು ಅದನ್ನೇ ನೋಡಿದೆ. ಅವರೂ ನೋಡಿದರು.

"ಇದನ್ನ ತೆಗೆದಿಟ್ಟು ವಜೀರ್ ಅಂದ್ರೇನ್ರಿ?" ಅಂದೆ. "ಬಾಯಿ ತಪ್ಪಿ ಅಂದದ್ದಲ್ಲ?"

"ಅಲ್ಲ."

"ನಿಮಗ ಬ್ಯಾಡಾಗಿತ್ತೇನ್ರಿ ಕಾಕಾ?"

"ಬ್ಯಾಡ ಅಂತ ಯಾರಂದ್ರು? ನಂಗ ಭಾಳ ಬೇಕಾಗಿತ್ತು." ಕಿಟಕಿಯ ಕಡೆ ತಿರುಗಿದರು.  "ಅಂವ ನೋಡೇ ಇರಲಿಲ್ಲಲ್ಲೋ ತಮ್ಮಾ. ನೋಡಿ ಸೋತಿದ್ರ ಬ್ಯಾರೆ. ಹಂಗ ಹೊಡಕೊಂಡು ಕಪ್ ತಂದ್ರ, ನಾಳಿ ಆ ಕಟ್ಟಿ ಮ್ಯಾಲ ಹ್ಯಾಂಗ ಕುಂದರ್ಲಿ?"

ಮುತ್ಯಾನೇ ಹೇಳಿದ್ದರಲ್ಲ ಎಂದೆ. ಕಾನೂನು ಮಾಡಿದವರೇ ಮುರಿ ಎಂದಿದ್ದರಲ್ಲ.

"ಅಂದಿದ್ರು. ಅವರು ನನ್ನ ಮ್ಯಾಲಿನ ಪ್ರೀತೀಗಿ ಅಂದ್ರು." ಆಮೇಲೆ ನನ್ನ ಮೊಣಕೈ ಹಿಡಿದರು. ಆ ಹಿಡಿತ ಈಗಲೂ ಇದೆ ನನ್ನ ತೋಳಿನಲ್ಲಿ. "ನಿನ್ನ ಕಾಕಿಗಿ ಮಾತ್ರ ಹೇಳಬ್ಯಾಡ. ಮರ್ತು ಅಂದ್ರು ಅಂತ ಹೇಳು. ಆಕಿ ಭಾಳ ವರ್ಷ ದಾರಿ ಕಾಯ್ದಾಳ. ಚಟಕ್ಕ ಮಾಫಿ ಅದ, ಬೇಕಂತ ಮಾಡಿದ್ದಕ್ಕ ಇಲ್ಲ."

ನಾನು ಮಾತು ಕೊಟ್ಟೆ.  ಒಂದು ಬೀಗವನ್ನೇ ನೆಟ್ಟಗೆ ಕಾಯಲಾರದವನಿಗೆ ಇಂಥ ಗುಟ್ಟು ಕಾಯಲು ಕೊಟ್ಟರೆ ಹೇಗೆ?

ಕಾಕಿ ಬಾಗಿಲಲ್ಲೇ ನಿಂತಿದ್ದರು. ಗಂಡನ ಚೀಲ ಇಸಿದುಕೊಂಡು ಅವರನ್ನು ಒಳಗೆ ಕಳಿಸಿ ನನ್ನತ್ತ ತಿರುಗಿದರು. "ಮರ್ತು ಅಂದುಬಿಟ್ರಿ ಕಾಕೀ," ಎಂದೆ. ಅವರು ಬಹಳ ಹೊತ್ತು ನನ್ನನ್ನು ನೋಡಿದರು. ನನ್ನ ಮುಖದಲ್ಲಿ ಏನು ಕಂಡಿತೋ ಎಂಬ ಅಂಜಿಕೆ ಆಮೇಲೆ ಎಷ್ಟೋ ದಿನ ಬಿಡಲಿಲ್ಲ. "ಹುಟ್ಟಿದ ಚಟ ಸುಟ್ಟರೂ ಹೋಗಲ್ಲ. ಹೋಗ್ಲಿ ಬಿಡು," ಎಂದು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಆ ಸಂಜೆ ಗಂಡನಿಗೆ ಇಷ್ಟವೆಂದು ಹೋಳಿಗೆ ಮಾಡಿದರು, ನಮ್ಮ ಮನೆಗೂ ಕಳಿಸಿದರು. ಕಾಕಾ ಹೇಳಿದ್ದು ಸರಿಯೇ ಇತ್ತು.

ಇಲ್ಲಿಗೇ ಮುಗಿದಿದ್ದರೆ ನಾನು ಇಷ್ಟೆಲ್ಲ ಬರೆಯುತ್ತಿರಲಿಲ್ಲ.

ಎರಡು ದಿನ ಬಿಟ್ಟು ಕಟ್ಟೆಯ ಮೇಲೆ ಎಲ್ಲರೂ ಸೇರಿದ್ದರು. ಕಾಕಾನೂ ಇದ್ದರು, ನಾನೂ ಇದ್ದೆ. ಮುತ್ಯಾನ ಮುಖ ಬಾಡಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಒಬ್ಬರು, ಹಣೆಬರಹ ಎಂದು ಇನ್ನೊಬ್ಬರು. ಮುತ್ಯಾ ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು.

"ತಪ್ಪು ಇಂವಂದಲ್ಲ, ನಂದು," ಅಂದರು. "ಈ ಚಟ ಹಚ್ಚಿದಂವ ನಾನು. ಇವತ್ತಿನಿಂದ ಈ ಕಟ್ಟಿ ಮ್ಯಾಲ ಯಾರೂ ವಜೀರ್ ಅನ್ನಂಗಿಲ್ಲ. ನಮ್ಮ ಇನ್ನೊಬ್ಬ ಮನುಷ್ಯಾ ಹಿಂಗ ಹಾಳಾಗೋದು ಬ್ಯಾಡ."

ಕಾಕಾ ಬಾಯಿ ತೆರೆದರು.  ಖರೆ ಹೇಳಿಬಿಟ್ಟರೆ ಸಂಜೆಯೊಳಗೆ ಕಾಕಿಯ ಕಿವಿಗೆ ಬೀಳುತ್ತದೆ. ಹೇಳದಿದ್ದರೆ... ಹೇಳದಿದ್ದರೆ ಏನಾಗುತ್ತದೆಂದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಅವರು ಮನೆಯ ಕಡೆ ಒಮ್ಮೆ ನೋಡಿದರು. ಬಾಗಿಲಲ್ಲಿ ಕಾಕಿ ಕುಳಿತು ಅಕ್ಕಿ ಆರಿಸುತ್ತಿದ್ದರು. ಕಾಕಾ ಬಾಯಿ ಮುಚ್ಚಿಕೊಂಡರು. ಯಾವ ರೂಢಿಯನ್ನು ಉಳಿಸಲೆಂದು ಚಾಂಪಿಯನ್ ಪಟ್ಟ ಬಿಟ್ಟು ಬಂದರೋ ಅದನ್ನು ಮುತ್ಯಾ ಅವರ ಹೆಸರಿನಲ್ಲೇ ತೆಗೆದುಹಾಕಿದರು. ಕಾಕಾ ನೋಡುತ್ತ ಕುಳಿತಿದ್ದರು.

ಕೆಲವು ದಿನ ಕಟ್ಟೆಗೆ ಬಂದರು. ಒಮ್ಮೆ ಯಾರೋ ಮಾತಿಲ್ಲದೆ ಅವರ ವಜೀರ್ ಎತ್ತಿದ. ಕಾಕಾ ಎದ್ದು ಚಪ್ಪಲಿ ಮೆಟ್ಟಿಕೊಂಡರು, ಡ್ಯೂಟಿಗೆ ಹೊತ್ತಾಯಿತು ಎಂದರು. ಅದರ ಮೇಲೆ ಬರಲಿಲ್ಲ. ಸೋತ ನಾಚಿಕೆಗೆ ಬರುತ್ತಿಲ್ಲ ಎಂದು ಕಟ್ಟೆಯವರು ಮಾತಾಡಿಕೊಂಡರು, ಕರೆಯಲು ಹೋಗಿ ಯಾಕೆ ನೋಯಿಸಬೇಕೆಂದು ಬಿಟ್ಟರು. ಪಂದ್ಯಗಳಿಗೂ ಹೋಗಲಿಲ್ಲ. ಆಟ ಬೇಕೆನಿಸಿದರೆ ನನ್ನನ್ನು ಕರೆಯುತ್ತಿದ್ದರು. ದೇಶದ ಎರಡನೆಯ ಆಟಗಾರನಾಗಿದ್ದವರು ಔಷಧ ಅಂಗಡಿಯ ಹೆಡ್ಡನ ಎದುರು ಪಡಸಾಲೆಯಲ್ಲಿ ಕುಳಿತು ಆಡುತ್ತಿದ್ದರು. ನನ್ನ ವಜೀರ್ ಯಾವಾಗಲೂ ಅವರ ಬಾಯಿಗೇ ಬಂದು ಬೀಳುತ್ತಿತ್ತು. ಪ್ರತಿ ಸಲವೂ ಹೇಳುತ್ತಿದ್ದರು, ಮೆಲ್ಲಗೆ, ಒಳಗೆ ಅಡುಗೆಮನೆಯಲ್ಲಿದ್ದ ಕಾಕಿಗೆ ಕೇಳದ ಹಾಗೆ. ನಾನು ಉಳಿಸಿಕೊಳ್ಳುತ್ತಿದ್ದೆ, ಮತ್ತೆ ಕಳೆದುಕೊಳ್ಳುತ್ತಿದ್ದೆ. ನಿವೃತ್ತಿಗೆ ಇನ್ನೂ ವರ್ಷಗಳಿದ್ದವು. ಒಂದು ಬೆಳಿಗ್ಗೆ ವಾಡಿ ಸ್ಟೇಷನ್ನಿನಲ್ಲಿ ಎದೆ ಹಿಡಿದುಕೊಂಡು ಕುಳಿತವರು ಏಳಲಿಲ್ಲ...

ಮಣ್ಣಿಗೆ ಕಟ್ಟೆಯವರೆಲ್ಲ ಬಂದಿದ್ದರು. ಅಲ್ಲಿಯೂ ಅದೇ ಮಾತು, ಒಂದು ಚಟ ಇರದಿದ್ದರೆ ಇವನು ಎಲ್ಲಿರುತ್ತಿದ್ದ ಎಂದು. ನಾನು ಹಲ್ಲು ಕಚ್ಚಿ ನಿಂತಿದ್ದೆ. ಕಾಕಿ ಇದ್ದರಲ್ಲ.

ಕಾಕಿ ಆಮೇಲೆ ಸೇಡಂನಲ್ಲಿ ಮಗಳ ಮನೆಗೆ ಹೋದರು. ಈ ಬೇಸಿಗೆಯಲ್ಲಿ ಅವರೂ ಹೋಗಿಬಿಟ್ಟರು. ಯಾರಿಗಾಗಿ ಮಾತು ಕೊಟ್ಟಿದ್ದೆನೋ ಅವರೇ ಇಲ್ಲ. ಆದರೂ ಬಾಯಿ ಬರಲಿಲ್ಲ. ಇಷ್ಟು ವರ್ಷ ಅಂಜಿಕೊಂಡು ಕಾದದ್ದನ್ನು ಒಮ್ಮೆಲೆ ಬಿಟ್ಟುಕೊಡುವುದು ನನ್ನಂಥವನಿಗೆ ಸುಲಭವಲ್ಲ. ಹಲ್ಲುನೋವು ಬಂದ ಮರುದಿನ ಮಾತ್ರ ತಡೆಯಲಾಗಲಿಲ್ಲ. ಸಂಜೆ ಅಂಗಡಿಯಿಂದ ನೇರ ಕಟ್ಟೆಗೆ ನಡೆದೆ.

ಮುತ್ಯಾನಿಗೆ ಈಗ ಕಣ್ಣು ಪೂರ್ತಿ ಕಾಣುವುದಿಲ್ಲ. ಮನೆಗಳನ್ನು ಬೆರಳಿನಿಂದ ತಡವಿ ಆಡುತ್ತಾರೆ. ಎದುರಿಗೆ ಕಾಲೇಜಿನ ಪೋರನೊಬ್ಬ ಕುಳಿತಿದ್ದ. ನಾನು ಪಕ್ಕದಲ್ಲಿ ಕುಳಿತು ಎಲ್ಲವನ್ನೂ ಹೇಳಿದೆ, ಕರವಸ್ತ್ರವನ್ನೂ, ರೈಲನ್ನೂ, ಕೊಟ್ಟ ಮಾತನ್ನೂ.  ಮುತ್ಯಾ ಕಲ್ಲಿನ ಮೇಲಿನ ಕೈ ತೆಗೆಯದೆ ಕೇಳಿದರು. ನಂಬಲಿಲ್ಲವೋ ಏನೋ ಎಂದು ನನಗೆ ಅಳುಕು. ಆಮೇಲೆ ಕೇಳಿದರು.

"ಅಂವ ಕಟ್ಟಿಗಿ ಬರೋದು ಬಿಟ್ಟದ್ದು ಯಾವಾಗ?"

"ನೀವು ಕಾನೂನ್ ತೆಗದ ಮ್ಯಾಲ್ರಿ, ಮುತ್ಯಾ."

"ಸೋತ ನಾಚಿಗಿ ಅಂದ್ಕೊಂಡಿದ್ದೆ ನಾ," ಅಂದರು. "ಕರೀಲಿಕ್ಕೂ ಹೋಗಲಿಲ್ಲ."

ಪೋರ ತನ್ನ ಕಾಯಿ ನಡೆಸಿ ಕಾಯುತ್ತಿದ್ದ. ನಿಮ್ಮ ಆಟ ರೀ ಮುತ್ಯಾ, ಅಂದ. ಮುತ್ಯಾ ಆಡಲಿಲ್ಲ.